ಅಂಗ್ಕೋರಿನ ನರ್ತಕಿಯರು ನಮ್ಮವರಲ್ಲ

ಕಳೆದ ರಾಜ್ಯೋತ್ಸವದ ಸಂಜೆ ನಮ್ಮ ಊರಿನ ಕನ್ನಡ ಸಂಘದಲ್ಲಿ ಒಂದು ಉಪನ್ಯಾಸವಿತ್ತು. ನಮ್ಮ ಊರು ಎಂದರೆ ವರ್ಗಾವಣೆಯ ಆದೇಶ ಸದ್ಯಕ್ಕೆ ನನ್ನನ್ನು ಇರಿಸಿರುವ ಊರು. ಉಪನ್ಯಾಸಕರು ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಮಂಡಿಗಳನ್ನು ಹೊರಕ್ಕೆ ಬಾಗಿಸಿ, ಒಂದು ಪಾದವನ್ನು ಮೇಲೆತ್ತಿ, ಅರಳಿದ ತಾವರೆಯ ಮೇಲೆ ಕುಣಿಯುತ್ತಿರುವ ಮೂವರು ಹೆಣ್ಣುಗಳು. ತಲೆಯಲ್ಲಿ ಕಿರೀಟ, ಮುಖದಲ್ಲಿ ಅರೆನಗೆ. "ದೇಶ ಯಾವುದು ಹೇಳಿ? ಕಾಂಬೋಡಿಯ! ನೃತ್ಯ ಯಾವುದು ಹೇಳಿ? ನಮ್ಮ ಭರತನಾಟ್ಯ!" ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾನೂ ತಟ್ಟಿದೆ. ಈ ಬರಹ ಆ ಚಪ್ಪಾಳೆಯನ್ನು ಹಿಂದಕ್ಕೆ ಪಡೆಯುವುದಕ್ಕಾಗಿ.

ತಿಳಿಯದೆ ತಟ್ಟಿದ ಚಪ್ಪಾಳೆಯಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ತಿಳಿದೂ ತಟ್ಟಿದೆ. ಎರಡು ವರ್ಷಗಳ ಹಿಂದೆ ಆ ಕಲ್ಲಿನ ಎದುರಿಗೇ ನಿಂತು ಬಂದಿದ್ದೆ. ಎಲ್‌ಟಿಸಿ ದೇಶದ ಗಡಿಯನ್ನು ದಾಟುವುದಿಲ್ಲವಾದ್ದರಿಂದ ಕೈಯಿಂದಲೇ ಖರ್ಚು ಮಾಡಿ, ಖಾಸಗಿ ವಿದೇಶ ಪ್ರಯಾಣಕ್ಕೆ ಇಲಾಖೆಯ ಪೂರ್ವಾನುಮತಿ ಪಡೆದು, ಒಂದು ವಾರದ ಗಳಿಕೆ ರಜೆಯಲ್ಲಿ ಮಗಳೊಡನೆ ಸಿಯೆಮ್ ರೀಪ್‌ಗೆ ಹೋಗಿದ್ದೆ. ಬಾಯೋನ್ ದೇಗುಲದ ಕಂಬವೊಂದರ ಮುಂದೆ, ಭರತನಾಟ್ಯ ಕಲಿಯುತ್ತಿದ್ದ ಮಗಳನ್ನು ನಿಲ್ಲಿಸಿ, ಅವಳಿಂದ ಅರೆಮಂಡಿ ಹಾಕಿಸಿ, ನಮ್ಮ ಮಾರ್ಗದರ್ಶಿ ಹೆಣ್ಣುಮಗಳಿಗೆ ನಾನೇ ಹೆಮ್ಮೆಯಿಂದ ಹೇಳಿದ್ದೆ: ನೋಡಿ, ಇದು ನಮ್ಮ ನೃತ್ಯ. ಆಕೆ ವಾದಿಸಲಿಲ್ಲ. ತನ್ನ ಕೈಯನ್ನು ಮುಂದೆ ಚಾಚಿ ನಾಲ್ಕು ಬೆರಳುಗಳನ್ನು ಮಣಿಕಟ್ಟಿನ ಕಡೆಗೆ ಹಿಂದಕ್ಕೆ ಬಾಗಿಸಿದಳು. ಅವು ಬಿಲ್ಲಿನಂತೆ ಬಾಗಿದವು. ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಕೇಳಿದಳು. ನಾನು ಮಗಳ ಮುಖ ನೋಡಿದೆ, ಮಗಳು ನನ್ನ ಮುಖ ನೋಡಿದಳು. ಅಸಂಯುತ ಹಸ್ತಗಳ ಶ್ಲೋಕವನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲ ಹುಡುಗಿಗೆ ಆ ಕೈಗೆ ಹೆಸರು ಹೊಳೆಯಲಿಲ್ಲ.

ಹೊಳೆಯದಿದ್ದುದು ಅವಳ ತಪ್ಪಲ್ಲ. ಆ ಕೈ ನಮ್ಮ ಪಟ್ಟಿಯಲ್ಲಿ ಇಲ್ಲ. ಖ್ಮೇರ್ ಶಾಸ್ತ್ರೀಯ ನೃತ್ಯದಲ್ಲಿ ಹಸ್ತಗಳ ಮೂಲವಿನ್ಯಾಸ ಬೇರೆ. ಚಿಗುರು, ಎಲೆ, ಹೂವು, ಹಣ್ಣು ಎಂದು ಗಿಡದ ಬಾಳಿನ ಹಂತಗಳನ್ನು ಹಿಡಿದು ಅವರ ಕೈಗಳು ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಸಾಗುತ್ತವೆ. ಎಳೆಯ ವಯಸ್ಸಿನಿಂದಲೇ ಬೆರಳುಗಳನ್ನು ದಿನವೂ ಹಿಂದಕ್ಕೆ ಒತ್ತಿ ಒತ್ತಿ ಪಳಗಿಸಿದ ಮೇಲಷ್ಟೇ ಆ ಬಾಗು ಬರುತ್ತದೆ. ನಮ್ಮಲ್ಲಿರುವಂತೆ ಪಾದ ನೆಲವನ್ನು ಹೊಡೆಯುವುದಿಲ್ಲ. ಕಾಲ್ಬೆರಳುಗಳು ಮೇಲಕ್ಕೆ ಮಡಿಚಿರುತ್ತವೆ, ಹೆಜ್ಜೆ ಸದ್ದಿಲ್ಲದೆ ಊರುತ್ತದೆ. ಮಂಡಿಯ ಬಾಗು ಒಂದನ್ನು ಕಂಡು ಇಡೀ ಕಲೆಗೆ ನಮ್ಮ ಹೆಸರು ಹಚ್ಚುವ ನಾವು ಉಳಿದ ಮೈಯನ್ನು ನೋಡಿಯೇ ಇಲ್ಲ.

ಮೊದಲು ಆ ಹೆಸರಿನ ವಿಚಾರವನ್ನೇ ನೋಡೋಣ. ಭರತನಾಟ್ಯ ಎಂಬ ಹೆಸರು ಇಂದಿನ ಅರ್ಥದಲ್ಲಿ ಬಳಕೆಗೆ ಬಂದದ್ದು 1930ರ ದಶಕದ ಮದರಾಸಿನಲ್ಲಿ. ಅದಕ್ಕೆ ಮೊದಲು ಅದು ಸದಿರ್, ದಾಸಿಯಾಟ. ದೇವದಾಸಿಯರ ಕೈಯಿಂದ ಆ ಕಲೆಯನ್ನು ಪಡೆದು, ಅದರ ಉಡುಪು, ರಂಗ, ಹೆಸರುಗಳನ್ನು ಬದಲಿಸಿ ಸಭ್ಯ ಕುಟುಂಬಗಳ ಅಂಗಳಕ್ಕೆ ತಂದ ಕಥೆ ಎಲ್ಲರಿಗೂ ಗೊತ್ತಿರುವಂಥದೇ. ನೂರು ವರ್ಷವೂ ತುಂಬದ ಈ ಹೆಸರನ್ನು ಎಂಟುನೂರು, ಸಾವಿರದ ನೂರು ವರ್ಷಗಳಷ್ಟು ಹಳೆಯ ಕಲ್ಲುಗಳ ಮೇಲೆ ಅಂಟಿಸುವುದು ಇತಿಹಾಸಕ್ಕೆ ಮಾಡುವ ಅಪಚಾರ. ಎಂ.ಎ. ತರಗತಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದುವಾಗ, ಕಾಳಿದಾಸನನ್ನು 'ಭಾರತದ ಶೇಕ್ಸ್‌ಪಿಯರ್' ಎಂದು ಕರೆದ ವಿಲಿಯಂ ಜೋನ್ಸನ ಮೇಲೆ ನಮಗೆಲ್ಲ ಸಿಟ್ಟು ಬಂದಿತ್ತು. ಹನ್ನೊಂದು ಶತಮಾನಗಳ ಹಿಂದಿನವನನ್ನು ಹೊಗಳುವುದಕ್ಕೂ ತಮ್ಮ ಮನೆಯ ಅಳತೆಗೋಲೇ ಬೇಕೆ ಎಂದು ಚರ್ಚಿಸಿದ್ದೆವು. ಅದೇ ಕೋಲನ್ನು ಇಂದು ನಾವು ಹಿಡಿದುಕೊಂಡು ಸಿಯೆಮ್ ರೀಪಿನ ವಿಮಾನ ಹತ್ತಿದ್ದೇವೆ.

ಇನ್ನು ಕಲ್ಲುಗಳ ವಿಚಾರ. ಜಾವಾದ ಪ್ರಂಬಾನನ್ನಿಗೆ ಹೋಗೋಣ. ಅಲ್ಲಿನ ದೊಡ್ಡ ಶಿವಾಲಯ ಒಂಬತ್ತನೆಯ ಶತಮಾನದ್ದು. ಅದರ ಪ್ರತಿಷ್ಠೆಯೊಡನೆ ಜೋಡಿಸಲಾಗುವ ಶಾಸನದ ಕಾಲ 856. ಪ್ರದಕ್ಷಿಣ ಪಥದ ಕೈಪಿಡಿ ಗೋಡೆಯ ಒಳಮುಖದಲ್ಲಿ ರಾಮಾಯಣದ ಕಥೆಯಿದೆ. ಅದೇ ಗೋಡೆಯ ಹೊರಮುಖದಲ್ಲಿ ನರ್ತಕರ, ವಾದಕರ 62 ಫಲಕಗಳಿವೆ. ಈ ಭಂಗಿಗಳಲ್ಲಿ ನಾಟ್ಯಶಾಸ್ತ್ರದ ಕರಣಗಳನ್ನು ಗುರುತಿಸಿದವರಲ್ಲಿ ಭಾರತದ ನರ್ತಕಿ ಪದ್ಮಾ ಸುಬ್ರಹ್ಮಣ್ಯಂ ಇದ್ದಾರೆ. ಅಲೆಸ್ಸಾಂಡ್ರಾ ಅಯ್ಯರ್ ಅವುಗಳ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ನಮ್ಮ ಸಭೆಗಳಲ್ಲಿ ಇಷ್ಟು ಹೇಳಿ ನಿಲ್ಲಿಸುತ್ತಾರೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕೆನ್ನುತ್ತೇನೆ.

ತಂಜಾವೂರಿನ ಬೃಹದೀಶ್ವರ ಆಲಯದಲ್ಲಿ ಶಿವನೇ ಕರಣಗಳನ್ನು ಮಾಡಿ ತೋರಿಸುವ ಪ್ರಖ್ಯಾತ ಸಾಲು ಇದೆ. 108ರಲ್ಲಿ 81ನ್ನು ಕೆತ್ತಿ ಉಳಿದ 27ಕ್ಕೆ ಬರಿಯ ಕಲ್ಲನ್ನು ಬಿಟ್ಟಿದ್ದಾರೆ. ಅದರ ಕಾಲ ಹನ್ನೊಂದನೆಯ ಶತಮಾನದ ಆರಂಭ. ಚಿದಂಬರದ ಗೋಪುರಗಳಲ್ಲಿನ ಸಾಲುಗಳು ಇನ್ನೂ ಈಚಿನವು. ನಾಟ್ಯಶಾಸ್ತ್ರಕ್ಕೆ ಅಭಿನವಗುಪ್ತ ಬರೆದ ವ್ಯಾಖ್ಯಾನವೂ ಸುಮಾರು ಕ್ರಿ.ಶ. 1000ದ ಆಚೀಚಿನದು. ಅಂದರೆ ಪ್ರಂಬಾನನ್ನಿನ ಶಿಲ್ಪಿ ಉಳಿ ಹಿಡಿದಾಗ ತಂಜಾವೂರಿನ ಸಾಲು ಹುಟ್ಟಲು ಇನ್ನೂ ಒಂದೂವರೆ ಶತಮಾನ ಬಾಕಿಯಿತ್ತು. ಕರಣಗಳನ್ನು ಸಾಲಾಗಿ ಕಲ್ಲಿನಲ್ಲಿ ಬರೆಯುವ ಆಲೋಚನೆ, ಇಂದು ಉಳಿದಿರುವ ಸಾಕ್ಷ್ಯದ ಮಟ್ಟಿಗೆ, ಜಾವಾದಲ್ಲೇ ಮೊದಲು ಕಾಣುತ್ತದೆ. ನಾಳೆ ಜಾವಾದ ಪ್ರವಾಸಿಯೊಬ್ಬ ತಂಜಾವೂರಿನಲ್ಲಿ ನಿಂತು, "ಓಹೋ, ನಮ್ಮ ಪ್ರಂಬಾನನ್ನಿನ ನಕಲು!" ಎಂದು ಚಪ್ಪಾಳೆ ತಟ್ಟಿದರೆ ನಮಗೆ ಹೇಗಾದೀತು? ಅವನ ಮಾತು ತಪ್ಪು. ನಮ್ಮ ಮಾತೂ ಅಷ್ಟೇ ತಪ್ಪು, ಅದೇ ಕಾರಣಕ್ಕೆ ತಪ್ಪು.

ಗ್ರಂಥ ಇಲ್ಲಿಯದು, ಅದರಲ್ಲಿ ಅನುಮಾನವಿಲ್ಲ. ಬಿಡಿ ನೃತ್ಯಶಿಲ್ಪಗಳೂ ಇಲ್ಲಿ ಹಳೆಯವೇ. ಬಾದಾಮಿಯ ಮೊದಲನೆಯ ಗುಹೆಯ ಹದಿನೆಂಟು ಕೈಗಳ ನಟರಾಜ ಆರನೆಯ ಶತಮಾನದವನು. ಅದನ್ನು ಅಲ್ಲಗಳೆಯುವ ಹುಚ್ಚು ನನಗಿಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಒಂದು ವಿದ್ಯೆ ಕಡಲು ದಾಟಿದ ಮೇಲೆ ಅದನ್ನು ಕಲಿತವರು ಬರಿಯ ನಕಲುಗಾರರಾಗಿ ಉಳಿಯಲಿಲ್ಲ. ಅವರು ಅದರಲ್ಲಿ ತಾವೇ ಯೋಚಿಸಿದರು, ಕೆಲವೊಮ್ಮೆ ನಮಗಿಂತ ಮೊದಲೇ ಯೋಚಿಸಿದರು.

ವಾದ್ಯಗಳ ಕಡೆಗೆ ಬಂದರೆ ಕಲ್ಲು ಇನ್ನೂ ಸ್ಪಷ್ಟವಾಗಿ ಮಾತನಾಡುತ್ತದೆ. ಬಾಯೋನ್ ಹನ್ನೆರಡನೆಯ ಶತಮಾನದ ಕೊನೆಯ, ಹದಿಮೂರನೆಯದರ ಆರಂಭದ ಕಟ್ಟಡ, ಏಳನೆಯ ಜಯವರ್ಮನ ಕಾಲದ್ದು. ಅದರ ಹೊರ ಮೊಗಸಾಲೆಯ ಉಬ್ಬುಶಿಲ್ಪಗಳಲ್ಲಿ ಯುದ್ಧದ ದಂಡು ಇದೆ, ಕೋಳಿ ಅಂಕವಿದೆ, ಅಡುಗೆಯ ಒಲೆಯಿದೆ, ಚೀನೀ ವರ್ತಕರಿದ್ದಾರೆ, ದೊಂಬರಾಟದವರಿದ್ದಾರೆ. ಬಾಯೋನ್ ಕಾಲದ ಶಿಲ್ಪಗಳಲ್ಲಿ ಕಾಣುವ ವಾದ್ಯಗಳಲ್ಲಿ ಬಿಲ್ಲಿನಾಕಾರದ ವೀಣೆಯೂ ಒಂದು: ಬಾಗಿದ ಕೊಂಬು, ತಂತಿಗಳ ಸಾಲು, ತೊಡೆಯ ಮೇಲೆ ಬುಡ. ಈ ವೀಣೆ ನಮ್ಮಿಂದಲೇ ಹೋದದ್ದು. ಭಾರ್ಹುತ್, ಸಾಂಚಿಗಳ ಕಲ್ಲಿನಲ್ಲಿದೆ. ಸಮುದ್ರಗುಪ್ತ ತನ್ನ ಚಿನ್ನದ ನಾಣ್ಯದಲ್ಲಿ ನುಡಿಸುತ್ತಿರುವುದು ಇದನ್ನೇ. ಹಳೆಯ ತಮಿಳಿನ ಯಾಳ್ ಇದೇ. ಆದರೆ ಮೊದಲ ಸಹಸ್ರಮಾನ ಮುಗಿಯುವ ಹೊತ್ತಿಗೆ ನಾವು ಇದನ್ನು ಹೆಚ್ಚುಕಡಿಮೆ ಮರೆತೆವು. ವೀಣೆ ಎಂಬ ಹೆಸರನ್ನು ಬೇರೆ ವಾದ್ಯಕ್ಕೆ ಕೊಟ್ಟೆವು. ನಾವು ಮರೆತ ಎಷ್ಟೋ ಕಾಲದ ಮೇಲೂ ಖ್ಮೇರ್ ಶಿಲ್ಪಿ ಅದನ್ನು ಕೆತ್ತುತ್ತಿದ್ದ. ಬರ್ಮಾದಲ್ಲಿ ಅದರ ವಂಶದ ಸೌಂಗ್ ಇಂದಿಗೂ ಸಭೆಗಳಲ್ಲಿ ನುಡಿಯುತ್ತಿದೆ. ಕಾಂಬೋಡಿಯದಲ್ಲೂ ಮುಂದೆ ಆ ವಾದ್ಯ ಅಳಿಯಿತು. ಆದರೆ ಅಲ್ಲಿನ ಆಸ್ಥಾನ ಮೇಳಕ್ಕೆ ಇಂದಿಗೂ ಪಿನ್‌ಪೀಟ್ ಎಂದೇ ಹೆಸರು, ಪಿನ್ ಎಂದರೆ ಆ ಬಿಲ್ಲುವೀಣೆ. ಇತ್ತೀಚಿನ ವರ್ಷಗಳಲ್ಲಿ ಈ ಉಬ್ಬುಶಿಲ್ಪಗಳನ್ನೇ ಅಳತೆ ಹಿಡಿದು ಆ ವೀಣೆಯನ್ನು ಮತ್ತೆ ಕಟ್ಟಿ ನುಡಿಸಲಾಗುತ್ತಿದೆ. ಕೊಟ್ಟವರು ಮರೆತದ್ದನ್ನು ಪಡೆದವರು ಕಲ್ಲಿನಲ್ಲಿ ಕಾಪಾಡಿದರು. ಈಗ ಯಾರಿಗೆ ಯಾರು ಋಣಿ?

ಅದೇ ಬಾಯೋನ್ ಕಾಲದ ಶಿಲ್ಪಗಳಲ್ಲಿ ಇನ್ನೊಂದು ವಾದ್ಯವಿದೆ. ಒಂದು ಬಡಿಗೆ, ಒಂದು ತಂತಿ, ಎದೆಗೆ ಒತ್ತಿ ಹಿಡಿಯುವ ಸೋರೆಬುರುಡೆ. ಕ್ಸೆ ದಿಯೆವ್ ಎಂದು ಅದರ ಹೆಸರು. ಅದು ಸತ್ತಿಲ್ಲ, ಹಳ್ಳಿಯ ಮದುವೆಯ ಹಾಡಿಗೂ ದೈವದ ಸೇವೆಗೂ ಇಂದಿಗೂ ಬೇಕು. ಬುರುಡೆಯನ್ನು ಎದೆಗೆ ತಾಗಿಸಿ ದೂರ ಸರಿಸಿ ನಾದವನ್ನು ತುಂಬುವ, ತೆಳುಗೊಳಿಸುವ ಆ ಉಪಾಯವನ್ನು ಕಂಡಾಗ ನನಗೆ ನಮ್ಮ ಕಿನ್ನರಿ ಜೋಗಿಗಳ ಬುರುಡೆಯ ವಾದ್ಯ ನೆನಪಾಯಿತು. ನೆನಪಾಗುವುದು ಸಹಜ, ನೆಂಟಸ್ತನ ಇರುವುದೂ ಸಹಜ. ಆದರೆ ನೆಂಟರ ಮನೆಗೆ ಹೋಗಿ ಅವರ ಪಾತ್ರೆಗಳ ಮೇಲೆ ನಮ್ಮ ಮನೆಯ ಹೆಸರು ಕೊರೆಸುವವರನ್ನು ನಾವು ಏನೆಂದು ಕರೆಯುತ್ತೇವೆ?

ಗಾಂಗ್ ಅಂತೂ ನಮ್ಮದಲ್ಲವೇ ಅಲ್ಲ. ಅಂಗ್ಕೋರ್ ವಾಟ್‌ನ ದಕ್ಷಿಣ ಮೊಗಸಾಲೆಯ ಮೆರವಣಿಗೆಯಲ್ಲಿ ಪವಿತ್ರಾಗ್ನಿಯ ಮುಂದೆ ಶಂಖ, ಕಹಳೆ, ಮದ್ದಳೆಗಳ ಜೊತೆಗೆ ಹೊತ್ತು ಬಡಿಯುವ ದೊಡ್ಡ ಗಾಂಗ್ ಒಂದು ಬರುತ್ತದೆ. ನಮ್ಮ ದೇವಸ್ಥಾನದ ಜಾಗಟೆಯಂತೆ ಚಪ್ಪಟೆಯಲ್ಲ. ಆ ಸೀಮೆಯ ಗಾಂಗ್‌ಗೆ ನಡುವೆ ಗುಬ್ಬಿಯಂಥ ಉಬ್ಬು, ಅದಕ್ಕೇ ಖಚಿತವಾದ ಒಂದು ಸ್ವರ. ಇಂಥ ಗಾಂಗ್‌ಗಳನ್ನು ಸ್ವರಕ್ಕೆ ತಕ್ಕಂತೆ ಸಾಲಾಗಿ, ವೃತ್ತವಾಗಿ ಜೋಡಿಸಿ ಕಟ್ಟಿದ ಸಂಗೀತವೇ ಜಾವಾದ ಗಾಮೆಲಾನ್, ಕಾಂಬೋಡಿಯದ ಪಿನ್‌ಪೀಟ್. ಅದರ ಹಿಂದಿರುವ ಕಂಚಿನ ವಿದ್ಯೆ ಬಹಳ ಹಳೆಯದು. ನಮ್ಮ ಕಡೆಯ ಪುರೋಹಿತನೋ ವರ್ತಕನೋ ಆ ತೀರಕ್ಕೆ ಸಂಸ್ಕೃತವನ್ನು ಒಯ್ಯುವ ಶತಮಾನಗಳ ಮೊದಲೇ ವಿಯೆಟ್ನಾಮಿನ ದೊಂಗ್ ಸೊನ್ ಸಂಸ್ಕೃತಿಯವರು ಕಂಚಿನ ದೊಡ್ಡ ಮದ್ದಳೆಗಳನ್ನು ಎರಕ ಹೊಯ್ದಿದ್ದರು. ಅವುಗಳ ಮೇಲೆ ಗರಿಗಳ ಕಿರೀಟ ತೊಟ್ಟ ಜನ ವಾದ್ಯಗಳೊಡನೆ ಸಾಲಾಗಿ ಕುಣಿಯುತ್ತಿದ್ದಾರೆ. ಬರಿದಾದ ನೆಲಕ್ಕೆ ನಾವು ಹಾಡು ಕುಣಿತ ಕಲಿಸಿದೆವು ಎಂಬುದು ಶುದ್ಧ ಕಲ್ಪನೆ. ಕುಣಿಯುತ್ತಿದ್ದವರ ನಡುವೆ ನಮ್ಮ ದೇವರುಗಳೂ ಹೋಗಿ ಕುಣಿದರು.

ಇಷ್ಟಾದರೂ ನಮ್ಮಲ್ಲಿ ಹಲವರಿಗೆ ಸಮಾಧಾನವಾಗದು. ಅವರಿಗಾಗಿ ನಮ್ಮ ಮನೆಯ ಉದಾಹರಣೆಯನ್ನೇ ಕೊಡುತ್ತೇನೆ. ಪ್ರಂಬಾನನ್ನಿನ ಶಿವಾಲಯ ಎದ್ದ ಅದೇ ದಶಕಗಳಲ್ಲಿ ಮಾನ್ಯಖೇಟದ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತು. ಅದು ದಂಡಿಯ ಕಾವ್ಯಾದರ್ಶಕ್ಕೆ ಎಷ್ಟು ಋಣಿಯೆಂಬುದನ್ನು ಕನ್ನಡದ ವಿದ್ವಾಂಸರೇ ಪದ್ಯ ಪದ್ಯ ಹಿಡಿದು ತೋರಿಸಿದ್ದಾರೆ. ಹಾಗೆಂದು ಯಾರಾದರೂ, "ಕವಿರಾಜಮಾರ್ಗವೆಂದರೆ ಕನ್ನಡ ಲಿಪಿಯಲ್ಲಿರುವ ದಂಡಿ, ಅಷ್ಟೆ" ಎಂದರೆ ನಾವು ಸುಮ್ಮನಿರುತ್ತೇವೆಯೆ? ಕನ್ನಡ ನಾಡಿನ ಎಲ್ಲೆಯನ್ನು, ಕನ್ನಡದ ಜನರ ಜಾಣತನವನ್ನು, ತನ್ನ ಭಾಷೆಯ ಬೇರೆ ಬೇರೆ ಒಳನುಡಿಗಳನ್ನು ಹೆಸರಿಸಿದ ಆ ಕೃತಿಯಲ್ಲಿ ದಂಡಿಗೆ ಗೊತ್ತೇ ಇರದ ಒಂದು ನಾಡು ಇದೆ ಎಂದು ಎದ್ದು ನಿಲ್ಲುತ್ತೇವೆ. ಅದೇ ಒಂಬತ್ತನೆಯ ಶತಮಾನದಲ್ಲಿ ಜಾವಾದ ಕವಿಯೊಬ್ಬ ಭಟ್ಟಿಕಾವ್ಯವನ್ನು ಮುಂದಿಟ್ಟುಕೊಂಡು ಹಳೆಯ ಜಾವಾ ಭಾಷೆಯಲ್ಲಿ ರಾಮಾಯಣ ಬರೆದ. ಅರ್ಧ ದಾರಿ ಭಟ್ಟಿಯ ಜೊತೆ ನಡೆದು ಆಮೇಲೆ ತನ್ನದೇ ದಾರಿ ಹಿಡಿದ. ಕನ್ನಡದ ಕವಿಗೆ ಕೊಡುವ ಗೌರವವನ್ನು ಅವನಿಗೆ ಕೊಡದಿರಲು ನಮ್ಮಲ್ಲಿ ಯಾವ ಕಾರಣವಿದೆ?

ಮಾರ್ಗ, ದೇಸಿ ಎಂಬ ಎರಡು ಮಾತುಗಳನ್ನು ಪಂಪನ ಕಾಲದಿಂದ ನಾವು ನಾಲಗೆಯ ಮೇಲಿಟ್ಟುಕೊಂಡಿದ್ದೇವೆ. ನೃತ್ಯದಲ್ಲೂ ಅದೇ ಭೇದವಿದೆ. ಕಲ್ಯಾಣದ ಮೂರನೆಯ ಸೋಮೇಶ್ವರ ಮಾನಸೋಲ್ಲಾಸದಲ್ಲಿ ನೃತ್ಯವನ್ನು ಕುರಿತು ಬರೆಯುತ್ತಿದ್ದಾಗ ಅತ್ತ ಎರಡನೆಯ ಸೂರ್ಯವರ್ಮ ಅಂಗ್ಕೋರ್ ವಾಟ್ ಕಟ್ಟಿಸುತ್ತಿದ್ದ, ಇತ್ತ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಗಿ ಇನ್ನೂ ಹದಿನೈದು ವರ್ಷ ಕಳೆದಿರಲಿಲ್ಲ. ಮಾರ್ಗದಲ್ಲಿ ದೇಸಿ ಪುಗುವುದನ್ನು ನಮ್ಮ ಸಾಹಿತ್ಯದ ಹಿರಿಮೆಯೆಂದು ಪಾಠ ಮಾಡುವ ನಾವು, ಖ್ಮೇರರ ಕಲ್ಲಿನಲ್ಲಿ ಮಾತ್ರ ಮಾರ್ಗವನ್ನಷ್ಟೇ ಕಂಡು ದೇಸಿಗೆ ಕಣ್ಣು ಮುಚ್ಚುತ್ತೇವೆ.

ಹೊರನಾಡಿನಲ್ಲಿರುವ ನಮಗೆ ಈ ನೋವು ಪುಸ್ತಕದ್ದಲ್ಲ. ಇಪ್ಪತ್ತು ವರ್ಷಗಳ ಕೆಲಸದಲ್ಲಿ ನಾಲ್ಕು ರಾಜ್ಯಗಳ ಕಚೇರಿಗಳನ್ನು ಕಂಡಿದ್ದೇನೆ. ಎಲ್ಲೆಡೆಯೂ ಯಾರಾದರೂ ಒಬ್ಬರು ತುಂಬು ಪ್ರೀತಿಯಿಂದಲೇ ಕೇಳಿದ್ದಾರೆ: ನಿಮ್ಮದು ತಮಿಳಿನ ಒಂದು ಬಗೆ, ಅಲ್ಲವೇ? ಲಿಪಿ ತೆಲುಗಿನದೇ ಅಲ್ಲವೇ? ಎಲ್ಲ ಸಂಸ್ಕೃತದಿಂದಲೇ ಬಂದದ್ದಲ್ಲವೇ? ಅವರಿಗೆ ನಮ್ಮನ್ನು ಅವಮಾನಿಸುವ ಉದ್ದೇಶವಿರಲಿಲ್ಲ. ನೀವೂ ನಮ್ಮವರೇ ಎಂದು ಹತ್ತಿರ ಕರೆಯುವ ಆಸೆಯಿತ್ತು. ಹಾಗೆ ಹತ್ತಿರ ಕರೆಯುವವರ ಮುಂದೆ ನಾವು ಚಿಕ್ಕವರಾಗಿ ನಿಂತು, ನಗುತ್ತಲೇ, ಇಲ್ಲ, ನಮ್ಮದು ಬೇರೆ ಎಂದು ಎಷ್ಟು ಸಲ ವಿವರಿಸಿಲ್ಲ! ಬಾಯೋನಿನ ಆ ಹೆಣ್ಣುಮಗಳು ಬೆರಳು ಬಾಗಿಸಿ ತೋರಿಸಿದಾಗ ಅವಳ ಮುಖದಲ್ಲಿದ್ದ ನಗೆಯನ್ನು ನಾನು ಎಲ್ಲೋ ನೋಡಿದ್ದೇನೆ ಅನ್ನಿಸಿತ್ತು. ಹೋಟೆಲಿಗೆ ಮರಳಿದ ಮೇಲೆ ಹೊಳೆಯಿತು, ಅದು ನನ್ನದೇ ಕಚೇರಿಯ ನಗೆ.

ಈ 'ನಮ್ಮದು' ಎಂಬ ಮಾತಿಗೂ ಒಂದು ಚರಿತ್ರೆಯಿದೆ. 1926ರಲ್ಲಿ ಕಲ್ಕತ್ತೆಯಲ್ಲಿ ಗ್ರೇಟರ್ ಇಂಡಿಯಾ ಸೊಸೈಟಿ ಹುಟ್ಟಿತು. ಆರ್.ಸಿ. ಮಜುಂದಾರರು ಚಂಪಾವನ್ನು ಕುರಿತ ತಮ್ಮ 1927ರ ಗ್ರಂಥವನ್ನು ದೂರಪ್ರಾಚ್ಯದ ಪ್ರಾಚೀನ ಭಾರತೀಯ ವಸಾಹತುಗಳ ಮಾಲೆಯ ಮೊದಲ ಸಂಪುಟವೆಂದು ಕರೆದರು. ಆಳಿಸಿಕೊಳ್ಳುತ್ತಿದ್ದ ಜನಕ್ಕೆ ತಾವೂ ಒಂದು ಕಾಲಕ್ಕೆ ಹೊರಗೆ ಹರಡಿದ್ದೆವೆಂಬ ನೆನಪು ಬೇಕಿತ್ತು. ಆ ಹಸಿವು ನನಗೆ ಅರ್ಥವಾಗುತ್ತದೆ. ಆದರೆ ಅದೇ 1927ರಲ್ಲಿ ಜಾವಾ, ಬಾಲಿಗಳಿಗೆ ಹೋದ ರವೀಂದ್ರನಾಥ ಠಾಕೂರರು ಅಲ್ಲಿನ ನೃತ್ಯವನ್ನು ನೋಡಿ ಬೆರಗಾಗಿ ಅದರ ಅಂಶಗಳನ್ನು ಶಾಂತಿನಿಕೇತನಕ್ಕೆ ತಂದರು, ತಮ್ಮ ನೃತ್ಯನಾಟಕಗಳಲ್ಲಿ ಬೆರೆಸಿದರು. ಕಲಿಸಿದವರ ಹಮ್ಮು ಬಿಟ್ಟು ಕಲಿಯುವವರಾಗಿ ಬಂದರು. ಆ ಎರಡು ದಾರಿಗಳಲ್ಲಿ ನಾವು ಮೊದಲನೆಯದನ್ನೇ ಹಿಡಿದು ಕುಳಿತಿದ್ದೇವೆ, ಅದೂ ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾದ ಮೇಲೆ.

ಅದೇ ದಶಕದಲ್ಲಿ ಇನ್ನೂ ಇಬ್ಬರು ಆ ಕಲ್ಲುಗಳ ಬಳಿಗೆ ಬಂದಿದ್ದರು. 1923ರಲ್ಲಿ ಫ್ರೆಂಚ್ ತರುಣ ಆಂದ್ರೆ ಮಾಲ್ರೋ ಬಂತಿಯಾಯ್ ಸ್ರೈ ದೇಗುಲದ ದೇವತಾ ಶಿಲ್ಪಗಳನ್ನು ಕತ್ತರಿಸಿ ಸಾಗಿಸಲು ಹೋಗಿ ಸಿಕ್ಕಿಬಿದ್ದ. ಮುಂದೆ ಆತ ಫ್ರಾನ್ಸಿನ ಸಂಸ್ಕೃತಿ ಸಚಿವನೂ ಆದ. 1927ರಲ್ಲಿ ಸಾಫೋ ಮಾರ್ಶಾಲ್ ಎಂಬ ತರುಣಿ ಅಂಗ್ಕೋರ್ ವಾಟ್‌ನ ನೂರಾರು ದೇವತೆಯರ ಮುಡಿ, ಆಭರಣ, ಸೆರಗುಗಳನ್ನು ಒಂದೊಂದಾಗಿ ಬಿಡಿಸಿ ಪುಸ್ತಕ ಮಾಡಿದಳು. ಒಬ್ಬನ ಜೊತೆ ಗರಗಸ, ಒಬ್ಬಳ ಜೊತೆ ಪೆನ್ಸಿಲ್. ನಾವು ಗರಗಸ ಒಯ್ಯುವವರಲ್ಲ, ನಿಜ. ಆದರೆ ಪೆನ್ಸಿಲನ್ನೂ ಒಯ್ಯುವುದಿಲ್ಲ.

ಇದೆಲ್ಲ ಪಂಡಿತರ ಜಗಳ, ಒಂದು ಶಬ್ದದಿಂದ ಯಾರಿಗೇನು ನಷ್ಟ ಎನ್ನುವವರಿಗೆ ಎರಡು ಘಟನೆಗಳನ್ನು ನೆನಪಿಸಬೇಕು. 2003ರ ಜನವರಿಯಲ್ಲಿ, ಅಂಗ್ಕೋರ್ ಥಾಯ್ ಜನರದೆಂದು ಥಾಯ್ ನಟಿಯೊಬ್ಬಳು ಹೇಳಿದಳೆಂಬ ಗಾಳಿಮಾತಿಗೆ ನೋಮ್ ಪೆನ್ ನಗರದಲ್ಲಿ ಥಾಯ್ ರಾಯಭಾರ ಕಚೇರಿ ಹೊತ್ತಿ ಉರಿಯಿತು. 2015ರಲ್ಲಿ, ಬಿಹಾರದಲ್ಲಿ ಅಂಗ್ಕೋರ್ ವಾಟ್ ಮಾದರಿಯ ದೇವಾಲಯ ಕಟ್ಟುವ ಯೋಜನೆಗೆ ಕಾಂಬೋಡಿಯ ಸರಕಾರ ಆಕ್ಷೇಪಿಸಿತು. ತಮ್ಮ ಬಾವುಟದ ನಡುವೆಯೇ ಆ ದೇಗುಲವನ್ನು ಇಟ್ಟುಕೊಂಡ ಜನ ಅವರು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುತ್ತಿಲ್ಲ. ನಾವು ಹಗುರವಾಗಿ ಆಡುವ ಮಾತು ಅವರ ಎದೆಯಲ್ಲಿ ಎಲ್ಲಿ ತಾಗುತ್ತದೆಂಬುದನ್ನು ತಿಳಿದಿರಬೇಕು.

ಎಲ್ಲಿ ತಾಗುತ್ತದೆ? 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಪಡೆಗಳು ನೋಮ್ ಪೆನ್ ಹೊಕ್ಕವು. ಮುಂದಿನ ನಾಲ್ಕು ವರ್ಷಗಳೊಳಗೆ ದೇಶದ ಕಲಾವಿದರಲ್ಲಿ ಬಹುಪಾಲು ಜನ ಸತ್ತರು. ಹತ್ತರಲ್ಲಿ ಎಂಟೊಂಬತ್ತು ಎಂಬ ಅಂದಾಜು ಸಾಮಾನ್ಯವಾಗಿ ಕೇಳಿಬರುತ್ತದೆ. ಅರಮನೆಯ ನರ್ತಕಿಯೆಂದು ಗೊತ್ತಾದರೆ ಸಾವು ಖಚಿತವೆಂಬ ಭಯದಲ್ಲಿ ಬದುಕುಳಿದವರು ಗದ್ದೆಯಲ್ಲಿ ದುಡಿಯುತ್ತ, ತಾವು ಯಾರೆಂಬುದನ್ನು ಮುಚ್ಚಿಟ್ಟರು. ಹಾಗೆ ಉಳಿದು ಬಂದವರಲ್ಲಿ ಚಿಯಾ ಸಾಮಿ ಒಬ್ಬರು. ಬಾಲ್ಯದಲ್ಲೇ ಅರಮನೆ ಸೇರಿ ನೃತ್ಯ ಕಲಿತವರು. ಅವರ ಗಂಡನ ತಮ್ಮನೇ ಪೋಲ್ ಪಾಟ್. 1979ರಲ್ಲಿ ಆ ಆಳ್ವಿಕೆ ಬಿದ್ದ ಮೇಲೆ ಅವರೂ ಅಳಿದುಳಿದ ಕೆಲವರೂ ಸೇರಿ, ಬರವಣಿಗೆಯಲ್ಲಿ ಇಲ್ಲದ, ಮೈಯ ನೆನಪಿನಲ್ಲಿ ಮಾತ್ರ ಉಳಿದಿದ್ದ ಒಂದೊಂದು ಚಲನೆಯನ್ನು ಹೆಕ್ಕಿ, ಎಷ್ಟೋ ಅನಾಥ ಮಕ್ಕಳೂ ಸೇರಿದ್ದ ಹೊಸ ಪೀಳಿಗೆಯ ಕೈಬೆರಳು ಹಿಡಿದು ಮತ್ತೆ ಕಲಿಸಿದರು. ಕಾಂಬೋಡಿಯದ ರಾಜನೃತ್ಯವನ್ನು 2003ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯೆಂದು ಘೋಷಿಸಿದ್ದು ಈ ಮುದುಕಿಯರ ಬೆರಳುಗಳಿಂದಾಗಿ. ಅವರು ಜೀವ ಪಣವಿಟ್ಟು ಉಳಿಸಿಕೊಂಡು ಬಂದದ್ದನ್ನು ನಾವು ಏರ್ ಕಂಡೀಷನ್ಡ್ ಸಭಾಂಗಣದಲ್ಲಿ ಕುಳಿತು ಒಂದು ಚಪ್ಪಾಳೆಗೆ ನಮ್ಮದೆಂದು ಬರೆಸಿಕೊಳ್ಳುತ್ತೇವೆ.

ಹಾಗೆ ಬರೆಸಿಕೊಳ್ಳುವ ನಮ್ಮ ಮನೆಯ ಲೆಕ್ಕವನ್ನೂ ನೋಡಬೇಕು. ತಾ ಪ್ರೋಮ್ ದೇಗುಲದ 1186ರ ಸಂಸ್ಕೃತ ಶಾಸನದಲ್ಲಿ 615 ನರ್ತಕಿಯರ ಉಲ್ಲೇಖವಿದೆ. ನಮ್ಮ ಉಪನ್ಯಾಸಕರು ಈ ಸಂಖ್ಯೆಯನ್ನು ಬಲು ಉತ್ಸಾಹದಿಂದ ಹೇಳಿದರು. ಆದರೆ ನಮ್ಮ ದೇಗುಲಗಳ ನರ್ತಕಿಯರನ್ನು ನಾವು ಏನು ಮಾಡಿದೆವು? ಅವರ ಕಲೆಯನ್ನು ಇಟ್ಟುಕೊಂಡು ಅವರನ್ನು ಹೊರಗಟ್ಟಿದೆವು. ಆ ಪದ್ಧತಿಯಲ್ಲಿದ್ದ ಶೋಷಣೆ ನಿಲ್ಲಬೇಕಿತ್ತು, ನಿಂತದ್ದು ಸರಿ. ಆದರೆ ಆ ಹೆಂಗಸರಿಗೆ ಗುರುಗಳೆಂಬ ಮರ್ಯಾದೆ ಸಿಕ್ಕಿದ್ದು ಎಷ್ಟು ಕಡೆ? ಮೈಸೂರು ಅರಮನೆಯ ಜಟ್ಟಿ ತಾಯಮ್ಮ, ಅವರ ಶಿಷ್ಯೆ ವೆಂಕಟಲಕ್ಷಮ್ಮ, ಹೀಗೆ ಬೆರಳೆಣಿಕೆಯ ಹೆಸರುಗಳನ್ನು ಬಿಟ್ಟರೆ ಉಳಿದವರು ಎಲ್ಲಿ? ಅಂಗ್ಕೋರಿನ ಅನಾಮಿಕ ನರ್ತಕಿಯನ್ನು ನಮ್ಮವಳೆಂದು ಅಪ್ಪಿಕೊಳ್ಳುವ ತೋಳುಗಳು ನಮ್ಮೂರಿನ ನರ್ತಕಿಯ ಮೊಮ್ಮಗಳನ್ನು ಅಪ್ಪಿಕೊಳ್ಳಲಿಲ್ಲ.

ಇನ್ನೊಂದು ಬದಿಯ ಅತಿಗೂ ನನ್ನ ಒಪ್ಪಿಗೆಯಿಲ್ಲ. ಭಾರತದ ಸಂಬಂಧವನ್ನು ಹೇಳಿದೊಡನೆ ಅದು ಅಹಂಕಾರವೆಂದು ಮೂಗು ಮುರಿಯುವವರಿದ್ದಾರೆ. ಶಿವ, ವಿಷ್ಣು, ಬುದ್ಧ, ರಾಮಾಯಣ, ಸಂಸ್ಕೃತದ ಶಾಸನ, ಕರಣ, ವೀಣೆ ಇವೆಲ್ಲ ಇಲ್ಲಿಂದ ಹೋದವು, ಸಂತೋಷದಿಂದ ಹೇಳೋಣ. ಪ್ರಂಬಾನನ್ನಿನ ಎದುರು 1961ರಿಂದ ರಾಮಾಯಣ ನೃತ್ಯನಾಟಕ ನಡೆಯುತ್ತಿದೆ. ಅಲ್ಲಿ ರಾಮನಾಗಿ, ಸೀತೆಯಾಗಿ ಕುಣಿಯುವ ಜಾವಾದವರಲ್ಲಿ ಬಹುಪಾಲು ಮುಸ್ಲಿಮರು. ರಾಮ ಅವರಿಗೆ ಪರದೇಶದವನಲ್ಲ, ಸಾವಿರ ವರ್ಷದಿಂದ ಅವರ ಊರಿನವನು. ಕಥೆ ನಮ್ಮಲ್ಲಿಂದ ಹೋಯಿತೆನ್ನುವುದು ಚರಿತ್ರೆ. ಕುಣಿತ ನಮ್ಮದೆನ್ನುವುದು ಮಾತ್ರ ಅತಿಕ್ರಮಣ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡದೇನೂ ಇಲ್ಲ. ಚಿತ್ರ ತೋರಿಸುವಾಗ ದೇಗುಲದ ಹೆಸರು, ಶತಮಾನ, ಕಟ್ಟಿಸಿದವನ ಹೆಸರು ಹೇಳೋಣ. ವಾದ್ಯವನ್ನು ಅಲ್ಲಿಯ ಹೆಸರಿನಿಂದ ಕರೆಯೋಣ. ನಮ್ಮಂತೆ ಕಾಣುವುದನ್ನು ತೋರಿಸಿದಷ್ಟೇ ಹೊತ್ತು ನಮ್ಮಂತೆ ಕಾಣದಿರುವುದನ್ನೂ ತೋರಿಸೋಣ. ಈ ದೇಶದ ಮಹಾನಗರಗಳಲ್ಲಿರುವ ನಮ್ಮ ಸಂಘಗಳಿಗೆ ಒಂದು ಅನುಕೂಲವಿದೆ. ಆ ದೇಶಗಳ ಕಲಾತಂಡಗಳು ಬರುವುದು ಇಂಥ ನಗರಗಳಿಗೇ. ಅವರು ಬಂದಾಗ ಟಿಕೆಟ್ ಕೊಂಡು ಹೋಗಿ ಕುಳಿತು, ಯಾವುದನ್ನೂ ನಮ್ಮದರೊಡನೆ ಹೋಲಿಸದೆ ಒಂದು ಗಂಟೆ ನೋಡೋಣ.

ಮುಂದಿನ ತಿಂಗಳ ಸಭೆಯಲ್ಲಿ ಹದಿನೈದು ನಿಮಿಷ ಬೇಕೆಂದು ಸಂಘದ ಕಾರ್ಯದರ್ಶಿಗಳಿಗೆ ಪತ್ರ ಬರೆದಿದ್ದೇನೆ, ಅವರು ಒಪ್ಪಿದ್ದಾರೆ. ಅದೇ ಚಿತ್ರವನ್ನು ತೋರಿಸುತ್ತೇನೆ: ಬಾಯೋನ್, ಹದಿಮೂರನೆಯ ಶತಮಾನದ ಆಸುಪಾಸು, ಏಳನೆಯ ಜಯವರ್ಮನ ಕಾಲ, ತಾವರೆಯ ಮೇಲೆ ಮೂವರು ಖ್ಮೇರ್ ನರ್ತಕಿಯರು. ಮಗಳು ಜೊತೆಗೆ ಬರುತ್ತಾಳೆ. ಪ್ರವಾಸದಿಂದ ಬಂದಾಗಿನಿಂದ ಅವಳು ಆಗಾಗ ಮೇಜಿನ ಅಂಚಿಗೆ ಬೆರಳುಗಳನ್ನು ಒತ್ತಿ ಹಿಂದಕ್ಕೆ ಬಾಗಿಸಲು ನೋಡುತ್ತಾಳೆ. ಇನ್ನೂ ಬಾಗಿಲ್ಲ. ಬಾಗುವುದಿಲ್ಲವೆಂಬುದನ್ನೇ ಸಭೆಗೆ ತೋರಿಸುವಂತೆ ಅವಳನ್ನು ಕೇಳಿಕೊಂಡಿದ್ದೇನೆ.